ಮಕ್ಕಳ ಜೊತೆ ಬಣ್ಣ ಹನಿಸೋಣ: ಜಾಕ್ಸನ್ ಪೊಲಾಕ್‌ನಿಂದ ಶುರು ಮಾಡಿ

"ಮಕ್ಕಳ ಕೈಲಿ ಡ್ರಿಪ್ ಪೇಂಟಿಂಗ್ ಮಾಡಿಸಿದೆವು, ಕೊನೆಗೆ ಹಾಳೆಯ ಮೇಲೆ ಉಳಿದಿದ್ದು ಕಂದು ಕೆಸರು ಮಾತ್ರ. ಎಲ್ಲಿ ತಪ್ಪಾಯಿತು?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಅಪ್ಪ ಅಮ್ಮಂದಿರೂ ಕೇಳುತ್ತಾರೆ, ಟೀಚರ್‌ಗಳೂ ಕೇಳುತ್ತಾರೆ. ವಿಚಾರಿಸಿ ನೋಡಿದರೆ ಎಡವಿರುವುದು ಹೆಚ್ಚಾಗಿ ಎರಡೇ ಕಡೆ. ಒಂದು, ಬಣ್ಣ ಹದವಾಗಿರಲಿಲ್ಲ. ಎರಡು, ಮೊದಲ ಬಣ್ಣ ಒಣಗುವ ಮುಂಚೆಯೇ ಎರಡನೆಯದು ಬಿದ್ದಿತ್ತು. ಆದ್ದರಿಂದ ಇವೆರಡರ ಬಗ್ಗೆ ಇಲ್ಲಿ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ.

ಮೊದಲು ಎರಡು ಪದಗಳು. ಡ್ರಿಪ್ ಪೇಂಟಿಂಗ್ ಅಂದರೆ ಬ್ರಷ್ಷನ್ನು ಹಾಳೆಗೆ ತಾಗಿಸದೆ, ಮೇಲಿನಿಂದ ನೀರಾದ ಬಣ್ಣವನ್ನು ಹನಿಸಿ, ಸುರಿದು, ಸಿಡಿಸಿ ಚಿತ್ರ ಮಾಡುವುದು. ಅಮೂರ್ತ ಚಿತ್ರ ಅಂದರೆ ಮನೆ, ಮರ, ಮುಖ ಹೀಗೆ ಗುರುತು ಹಿಡಿಯುವಂಥದ್ದು ಏನೂ ಇಲ್ಲದೆ ಗೆರೆ, ಬಣ್ಣ, ಲಯಗಳಿಂದಲೇ ಆದ ಚಿತ್ರ. ಮಕ್ಕಳಿಗೆ ಈ ಎರಡನೆಯ ಪದ ಹೇಳಲೇಬೇಕು ಅಂತೇನಿಲ್ಲ. "ಇದು ಯಾವುದರ ಚಿತ್ರವೂ ಅಲ್ಲ, ಬಣ್ಣದ್ದೇ ಚಿತ್ರ" ಅಂದರೆ ಅವರು ಒಪ್ಪಿಕೊಂಡುಬಿಡುತ್ತಾರೆ. ಒಪ್ಪಲು ಕಷ್ಟಪಡುವವರು ನಾವೇ.

ಪೊಲಾಕ್ ಬಗ್ಗೆ ಎಷ್ಟು ಹೇಳಬೇಕು

ಜಾಕ್ಸನ್ ಪೊಲಾಕ್ ಹುಟ್ಟಿದ್ದು 1912ರಲ್ಲಿ, ಅಮೆರಿಕದ ವಯೋಮಿಂಗ್ ರಾಜ್ಯದ ಕೋಡಿ ಎಂಬ ಊರಿನಲ್ಲಿ. ಐದು ಜನ ಗಂಡುಮಕ್ಕಳಲ್ಲಿ ಈತನೇ ಕೊನೆಯವನು. 1930ರಲ್ಲಿ ಚಿತ್ರಕಲೆ ಕಲಿಯಲು ನ್ಯೂಯಾರ್ಕ್‌ಗೆ ಬಂದ. 1936ರಲ್ಲಿ ಮೆಕ್ಸಿಕೋದ ಭಿತ್ತಿಚಿತ್ರಕಾರ ಸಿಕೆರೊಸ್ ಅಲ್ಲಿ ನಡೆಸಿದ ಕಾರ್ಯಾಗಾರಕ್ಕೆ ಸೇರಿಕೊಂಡ. ಬಣ್ಣವನ್ನು ಸುರಿಯುವ, ಸಿಂಪಡಿಸುವ ಪ್ರಯೋಗಗಳನ್ನು ಕಂಡಿದ್ದು ಅಲ್ಲಿ. 1945ರಲ್ಲಿ ಚಿತ್ರಕಾರ್ತಿ ಲೀ ಕ್ರಾಸ್ನರ್‌ಳನ್ನು ಮದುವೆಯಾಗಿ, ಲಾಂಗ್ ಐಲೆಂಡ್‌ನ ಸ್ಪ್ರಿಂಗ್ಸ್ ಎಂಬ ಹಳ್ಳಿಗೆ ಹೋಗಿ ನೆಲೆಸಿದ. ಮನೆಯ ಪಕ್ಕದಲ್ಲೊಂದು ಹಳೇ ಕೊಟ್ಟಿಗೆ ಇತ್ತು. ಅದೇ ಸ್ಟುಡಿಯೋ ಆಯಿತು. 1947ರಿಂದ 1950ರವರೆಗೆ ಆ ಕೊಟ್ಟಿಗೆಯ ನೆಲದ ಮೇಲೆ ಕ್ಯಾನ್ವಾಸ್ ಹರಡಿ ಮಾಡಿದ ಚಿತ್ರಗಳೇ ಇವತ್ತು ಅವನ ಹೆಸರು ಹೇಳಿದ ಕೂಡಲೇ ಕಣ್ಣಿಗೆ ಬರುವುದು.

ಮಕ್ಕಳಿಗೆ ಇಷ್ಟೂ ಬೇಡ. ನನ್ನ ಅನುಭವದಲ್ಲಿ ಅವರ ಕಿವಿ ನೆಟ್ಟಗಾಗುವುದು ಈ ಮೂರು ಸಂಗತಿಗಳಿಗೆ:

- ಈತ ಗೋಡೆಗೆ ಒರಗಿಸಿಯೋ, ಸ್ಟ್ಯಾಂಡಿನ ಮೇಲೆ ಇಟ್ಟೋ ಬಿಡಿಸುತ್ತಿರಲಿಲ್ಲ. ನೆಲದ ಮೇಲೆ ಹರಡಿ, ನಾಲ್ಕೂ ಕಡೆಯಿಂದ ಸುತ್ತು ಹಾಕುತ್ತಿದ್ದ. ಎಷ್ಟೋ ಸಲ ಚಿತ್ರದ ಒಳಕ್ಕೇ ಕಾಲಿಡುತ್ತಿದ್ದ.
- ಬ್ರಷ್ ಒಣಗಿ ಗಟ್ಟಿಯಾಗಿದ್ದರೆ ಅದನ್ನೇ ಕೋಲಿನ ಹಾಗೆ ಬಳಸುತ್ತಿದ್ದ. ಬಣ್ಣವೂ ಅಷ್ಟೇ, ಎಷ್ಟೋ ಚಿತ್ರಗಳಲ್ಲಿ ಇರುವುದು ಮನೆ, ಕಿಟಕಿ, ಬಾಗಿಲಿಗೆ ಬಳಿಯುವ ಎನಾಮೆಲ್.
- 1947ರ 'ಫುಲ್ ಫ್ಯಾದಮ್ ಫೈವ್' ಚಿತ್ರದಲ್ಲಿ ಬಣ್ಣದ ಅಡಿಯಲ್ಲಿ ಮೊಳೆ, ಗುಂಡಿ, ಕೀಲಿಕೈ, ನಾಣ್ಯ ಎಲ್ಲ ಹುದುಗಿಕೊಂಡಿವೆ.

ಮೂರನೆಯದನ್ನು ಹೇಳಿದ ಮೇಲೆ ಐದು ನಿಮಿಷ ಬೇರೆ ಮಾತೇ ಇರುವುದಿಲ್ಲ. ಯಾವ ಮನೆಯ ಕೀಲಿಕೈ, ಅವರು ಒಳಗೆ ಹೇಗೆ ಹೋದರು, ಹೀಗೆ. ಬಿಡಿ, ಮಾತಾಡಲಿ.

ಪೊಲಾಕ್‌ನ ಕುಡಿತ, 1956ರಲ್ಲಿ 44ನೇ ವಯಸ್ಸಿಗೆ ಕಾರು ಅಪಘಾತದಲ್ಲಿ ಆದ ಸಾವು, ಇದನ್ನು ಸಣ್ಣವರಿಗೆ ನಾವಾಗಿ ಹೇಳುವ ಅಗತ್ಯವಿಲ್ಲ. ಕೇಳಿದರೆ ಮುಚ್ಚಿಡಬೇಡಿ, "ಕುಡಿದು ಕಾರು ಓಡಿಸಿದ, ಅಪಘಾತ ಆಯಿತು" ಅಂತ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಹತ್ತು ಹನ್ನೆರಡು ದಾಟಿದವರಿಗೆ ಇನ್ನೊಂದು ಮಾತನ್ನೂ ಹೇಳಬಹುದು. ಬಣ್ಣ ಹನಿಸಿದವರಲ್ಲಿ ಪೊಲಾಕ್ ಮೊದಲಿಗನಲ್ಲ. ಉಕ್ರೇನ್‌ನಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ನೆಲೆಸಿದ್ದ ಜಾನೆಟ್ ಸೋಬೆಲ್ ಎಂಬ ತಾಯಿ, ಯಾವ ಶಾಲೆಯಲ್ಲೂ ಚಿತ್ರಕಲೆ ಕಲಿಯದೆ, ಅವನಿಗಿಂತ ಮುಂಚೆಯೇ ಹನಿ ಚಿತ್ರಗಳನ್ನು ಮಾಡಿದ್ದಳು. ಪೊಲಾಕ್ ಅವನ್ನು ನೋಡಿದ್ದ ಕೂಡ.

ಏನೇನು ಬೇಕು

ಬಣ್ಣ: ನೀರಲ್ಲಿ ತೊಳೆದರೆ ಹೋಗುವ ಪೋಸ್ಟರ್ ಕಲರ್ ಅಥವಾ ಟೆಂಪೆರಾ. ಅಕ್ರಿಲಿಕ್ ನೋಡಲು ಚೆನ್ನ, ಆದರೆ ಬಟ್ಟೆಯ ಮೇಲೆ ಒಣಗಿದರೆ ಮತ್ತೆ ಹೋಗುವುದಿಲ್ಲ. ದೊಡ್ಡ ಮಕ್ಕಳಿಗಾದರೆ ಸರಿ. ಪೊಲಾಕ್ ಬಳಸಿದ ಅಂತ ಎನಾಮೆಲ್ ಮಾತ್ರ ತರಬೇಡಿ. ಅದರ ಹಬೆ ಒಳ್ಳೆಯದಲ್ಲ, ಕೈ ತೊಳೆಯಲು ಟರ್ಪೆಂಟೈನ್ ಬೇಕಾಗುತ್ತದೆ.

ಬಣ್ಣ ಮೂರೇ ಇರಲಿ, ಜೊತೆಗೆ ಕಪ್ಪು ಅಥವಾ ಬಿಳಿ. ಪೆಟ್ಟಿಗೆಯಲ್ಲಿ ಹನ್ನೆರಡು ಇವೆ ಅಂತ ಹನ್ನೆರಡನ್ನೂ ತೆಗೆದಿಟ್ಟರೆ ಕೆಸರು ಖಚಿತ.

ಹಾಳೆ: ದಪ್ಪನೆಯ ಕಾರ್ಡ್‌ಶೀಟ್ ಅಥವಾ ಬಿಡಿಸಿ ಹರಡಿದ ರಟ್ಟಿನ ಪೆಟ್ಟಿಗೆ. ಕಾಗದ ಕೊಳ್ಳುವಾಗ 200 ಜಿಎಸ್‌ಎಂಗಿಂತ ಮೇಲಿನದ್ದು ಕೇಳಿ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಸಂಖ್ಯೆ ಏರಿದಷ್ಟೂ ಕಾಗದ ದಪ್ಪ. ಮಾಮೂಲಿ ಪ್ರಿಂಟರ್ ಕಾಗದ 80ರ ಆಸುಪಾಸು ಇರುತ್ತದೆ, ಒದ್ದೆಯಾದ ಕೂಡಲೇ ಮುದುಡುತ್ತದೆ. ಅಳತೆ ಎಷ್ಟು ದೊಡ್ಡದಿದ್ದರೆ ಅಷ್ಟು ಒಳ್ಳೆಯದು. ಸಣ್ಣ ಹಾಳೆ ಕೊಟ್ಟರೆ ಬರೀ ಬೆರಳು ಆಡುತ್ತದೆ, ತೋಳು ಆಡುವುದಿಲ್ಲ.

ಹನಿಸುವುದಕ್ಕೆ: ಕೋಲು, ಹಳೇ ಬ್ರಷ್, ಚಮಚ, ಒತ್ತಿದರೆ ಸುರಿಯುವ ಪ್ಲಾಸ್ಟಿಕ್ ಬಾಟಲಿ, ಸೂಜಿ ಇಲ್ಲದ ಸಿರಿಂಜು. ಗಾಜಿನದು ಯಾವುದೂ ಬೇಡ.

ನೆಲಕ್ಕೆ: ಕೆಳಗೆ ಪ್ಲಾಸ್ಟಿಕ್ ಶೀಟು, ಅದರ ಮೇಲೆ ಹಳೇ ಬೆಡ್‌ಶೀಟ್. ಬರೀ ಪ್ಲಾಸ್ಟಿಕ್ ಹಾಸಿದರೆ ಬಣ್ಣ ಬಿದ್ದ ಮೇಲೆ ಕಾಲು ಜಾರುತ್ತದೆ. ಜೊತೆಗೆ ಒಂದು ಬಕೆಟ್ ನೀರು, ಎರಡು ಒರೆಸುವ ಬಟ್ಟೆ. ಇವು ಕೈಗೆಟಕುವಲ್ಲೇ ಇರಲಿ. ಬಣ್ಣದ ಕಾಲಿನ ಮಗು ಬಚ್ಚಲಿಗೆ ಓಡುವ ದಾರಿಯಲ್ಲಿ ನಿಮ್ಮ ಇಡೀ ಮನೆ ಇರುತ್ತದೆ ಅನ್ನುವುದನ್ನು ಮರೆಯಬೇಡಿ.

ಹಂತ 1: ಮೊದಲು ನೋಡಿ, ಹತ್ತು ನಿಮಿಷ

ಒಂದೇ ಒಂದು ಚಿತ್ರ ಆರಿಸಿ, ಸಿಕ್ಕಷ್ಟು ದೊಡ್ಡದಾಗಿ ತೋರಿಸಿ. ನಾನು ಸಾಮಾನ್ಯವಾಗಿ ತೋರಿಸುವುದು 'ಒನ್: ನಂಬರ್ 31, 1950'. ಅದು ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಎತ್ತರ ಸುಮಾರು 2.7 ಮೀಟರ್, ಅಗಲ 5.3 ಮೀಟರ್. ಈ ಅಂಕಿ ಬಾಯಲ್ಲಿ ಹೇಳಿದರೆ ಪ್ರಯೋಜನವಿಲ್ಲ. ನೆಲದ ಮೇಲೆ ಟೇಪು ಹಿಡಿದು ಅಷ್ಟಗಲ ಅಳೆದು ತೋರಿಸಿ, ಮಕ್ಕಳನ್ನು ಅದರ ಉದ್ದಕ್ಕೂ ಮಲಗಿಸಿ. ಎಷ್ಟು ಜನ ಹಿಡಿಸುತ್ತಾರೆ ಅಂತ ಅವರೇ ಎಣಿಸಲಿ.

"ಇದು ಏನು?" ಅಂತ ಮಾತ್ರ ಕೇಳಬೇಡಿ. ಕೇಳಿದಿರೋ, ಮಕ್ಕಳು ಅಲ್ಲಿ ಆನೆ, ರಾಕ್ಷಸ ಹುಡುಕಲು ಶುರು ಮಾಡುತ್ತಾರೆ. ಇಂಥ ಪ್ರಶ್ನೆ ಕೇಳಿ: ಎಲ್ಲಕ್ಕಿಂತ ಮೇಲೆ ಇರುವ ಬಣ್ಣ ಯಾವುದು? ಎಲ್ಲಕ್ಕಿಂತ ಕೆಳಗಿರುವುದು? ಒಂದು ಗೆರೆ ಹಿಡಿದು ಬೆರಳಲ್ಲಿ ಎಷ್ಟು ದೂರ ಹೋಗಬಲ್ಲೆ? ಇಲ್ಲಿ ಕೈ ಜೋರಾಗಿ ಓಡಿದೆಯೋ, ನಿಧಾನವಾಗಿಯೋ?

ಆಟ ಬೇಕಿದ್ದರೆ ಎರಡಿವೆ. 'ನಂಬರ್ 1ಎ, 1948' ಚಿತ್ರದ ಮೇಲ್ತುದಿಯ ಬಲಭಾಗದಲ್ಲಿ ಅಂಗೈ ಗುರುತುಗಳಿವೆ, ಹುಡುಕಲು ಹೇಳಿ. ಇಲ್ಲವೇ 'ಲ್ಯಾವೆಂಡರ್ ಮಿಸ್ಟ್' ತೋರಿಸಿ, ಅದರಲ್ಲಿ ಲ್ಯಾವೆಂಡರ್ ಬಣ್ಣ ಎಲ್ಲಿದೆ ಅಂತ ಕೇಳಿ. ಆ ಬಣ್ಣ ಅಲ್ಲಿ ಬಳಕೆಯೇ ಆಗಿಲ್ಲ. ಬಿಳಿ, ಬೂದು, ನಸುಗೆಂಪು, ನೀಲಿ ಗೆರೆಗಳು ಒತ್ತೊತ್ತಾಗಿ ಹೆಣೆದುಕೊಂಡು, ದೂರ ನಿಂತವರ ಕಣ್ಣಿಗೆ ತಿಳಿ ನೇರಳೆ ಮಂಜಿನ ಹಾಗೆ ಕಾಣುತ್ತದೆ, ಅಷ್ಟೆ.

ಹಂತ 2: ಹದ

ಇಡೀ ಕೆಲಸದ ಜೀವ ಇಲ್ಲಿದೆ. ಅವಸರ ಮಾಡಬೇಡಿ.

ಎರಡು ಚಮಚ ಪೋಸ್ಟರ್ ಕಲರ್‌ಗೆ ಒಂದು ಚಮಚ ನೀರಿನಿಂದ ಶುರು ಮಾಡಿ. ಉಂಡೆ ಉಳಿಯದ ಹಾಗೆ ಕದಡಿ. ಕೋಲನ್ನು ಅದ್ದಿ, ಬೇಡದ ಕಾಗದದ ಮೇಲೆ ಒಂದು ಅಡಿ ಎತ್ತರದಲ್ಲಿ ಹಿಡಿದು ನೋಡಿ. ಬಣ್ಣ ತಟ್ ತಟ್ ಅಂತ ಬಿಡಿ ಹನಿಗಳಾಗಿ ಬಿದ್ದರೆ ನೀರು ಜಾಸ್ತಿಯಾಗಿದೆ. ಕೋಲಿನ ತುದಿಗೆ ನೇತುಬಿದ್ದು ಒಮ್ಮೆಲೇ ದೊಪ್ಪನೆ ಬಿದ್ದರೆ ಇನ್ನೂ ಗಟ್ಟಿ ಇದೆ. ಹದ ಬಂದಿದ್ದರೆ ಮೂರು ನಾಲ್ಕು ಸೆಕೆಂಡಾದರೂ ತುಂಡಾಗದ ಒಂದು ನೂಲು ಇಳಿಯುತ್ತದೆ. ಕೈ ಅಲುಗಿಸದೆ ಹಿಡಿದರೆ ಆ ನೂಲು ಕಾಗದ ಮುಟ್ಟುವಲ್ಲಿ ಪುಟ್ಟ ಪುಟ್ಟ ಸುರುಳಿ ಸುತ್ತಿಕೊಳ್ಳುತ್ತದೆ, ಚಮಚದಿಂದ ಜೇನುತುಪ್ಪ ಬಿಟ್ಟಾಗ ಆಗುವ ಹಾಗೆ. ಇದನ್ನು ಮಕ್ಕಳಿಗೆ ತೋರಿಸದೆ ಇರಬೇಡಿ. ಒಮ್ಮೆ ಕಂಡರೆ ಅವರೇ ಪ್ರತಿ ಬಟ್ಟಲಿಗೂ ಈ ಪರೀಕ್ಷೆ ಮಾಡುತ್ತಾರೆ.

ಈ ಸುರುಳಿಗೆ ಒಂದು ಸ್ವಾರಸ್ಯ ಇದೆ. ಪೊಲಾಕ್ ಚಿತ್ರ ಮಾಡುತ್ತಿರುವ ಹಳೇ ಫಿಲ್ಮನ್ನು ಅಳೆದು ನೋಡಿದ ಭೌತವಿಜ್ಞಾನಿಗಳು, ಆತ ಕೈಯ ವೇಗ ಮತ್ತು ಎತ್ತರವನ್ನು ಸುರುಳಿ ಬೀಳದ ಹಾಗೆ ಇಟ್ಟುಕೊಳ್ಳುತ್ತಿದ್ದ ಅಂತ 2019ರಲ್ಲಿ ತೋರಿಸಿದರು. ಸುಮ್ನೆ ಎರಚುವ ಕೈ ಅದಲ್ಲ, ಅಲ್ವಾ? ಆದರೆ ಮಕ್ಕಳಿಗೆ ಸುರುಳಿಯೇ ಇಷ್ಟವಾದರೆ ಸುರುಳಿಯನ್ನೇ ಮಾಡಲಿ.

ನೂಲು ಬರುತ್ತಲೇ ಇಲ್ಲವೇ? ನೀರಿನ ಬದಲು ಒಂದು ಚಮಚ ಬಿಳಿ ಫೆವಿಕಾಲ್ ತರಹದ ಅಂಟು ಹಾಕಿ ಕದಡಿ. ಬಣ್ಣ ಎಳೆ ಎಳೆಯಾಗಿ ಇಳಿಯುತ್ತದೆ, ಒಣಗಿದ ಮೇಲೆ ಸಣ್ಣ ಹೊಳಪೂ ಇರುತ್ತದೆ. ಅಂಟು ಬೆರೆಸಿದರೆ ಬಟ್ಟೆಯ ಕಲೆ ಬಿಡಿಸುವುದು ಕಷ್ಟ ಅನ್ನುವುದು ಮಾತ್ರ ನೆನಪಿರಲಿ.

ಹಂತ 3: ಕೈ ಪಳಗಿಸುವುದು

ನೇರವಾಗಿ ದೊಡ್ಡ ಹಾಳೆಗೆ ಹೋಗಬೇಡಿ. ಹಳೇ ಪತ್ರಿಕೆಯ ಮೇಲೆ ಹತ್ತು ನಿಮಿಷ ಅಭ್ಯಾಸ ಆಗಲಿ. ಒಂದೇ ಬಣ್ಣ, ಒಂದೇ ಕೋಲು. ಮೂರು ಗೆರೆ ಎಳೆಯಲು ಹೇಳಿ: ಒಂದು ಬಸವನಹುಳುವಿನ ವೇಗದಲ್ಲಿ, ಒಂದು ನಡೆಯುವ ವೇಗದಲ್ಲಿ, ಒಂದು ಸರ್ರನೆ. ನಿಧಾನ ಹೋದ ಕಡೆ ಗೆರೆ ದಪ್ಪವಾಗಿ ಅಲ್ಲಲ್ಲಿ ಕೊಳದ ಹಾಗೆ ನಿಲ್ಲುತ್ತದೆ. ಸರ್ರನೆ ಹೋದ ಕಡೆ ಕೂದಲಿನಷ್ಟು ಸಣ್ಣಗಾಗಿ, ಕೊನೆಗೆ ಹನಿಗಳಾಗಿ ಒಡೆಯುತ್ತದೆ. ಆಮೇಲೆ ಅದೇ ಗೆರೆಯನ್ನು ಮೊಣಕಾಲಿನ ಎತ್ತರದಿಂದ, ಸೊಂಟದ ಎತ್ತರದಿಂದ.

ಪುಟ್ಟವರು ಮಣಿಕಟ್ಟನ್ನು ಮಾತ್ರ ಆಡಿಸುತ್ತಾರೆ. "ಭುಜದಿಂದ ಕೈ ಬೀಸು" ಅನ್ನಿ. ನಾನಂತೂ ಕೈಯಲ್ಲಿ ಕೋಲಿಲ್ಲದೆ ಗಾಳಿಯಲ್ಲೇ ಎಂಟರ ಅಂಕಿ ಬರೆಸುತ್ತೇನೆ, ಆಮೇಲೆ ಕೋಲು ಕೊಡುತ್ತೇನೆ.

ಈ ಹಂತದಲ್ಲೇ ಎರಡು ನಿಯಮ ಹೇಳಿಬಿಡಿ. ಕೋಲು ಸೊಂಟಕ್ಕಿಂತ ಮೇಲೆ ಹೋಗಬಾರದು. ಎದುರುಗಡೆ ಯಾರಾದರೂ ಬಗ್ಗಿದ್ದರೆ ಸಿಡಿಸಬಾರದು. ಬ್ರಷ್ಷನ್ನು ಬೆರಳಲ್ಲಿ ಮೀಟಿ ಸಿಡಿಸುವುದಿದ್ದರೆ ಕಣ್ಣಿಗೆ ಕನ್ನಡಕ ಇರಲಿ. ಕಣ್ಣಿಗೆ ಬಿದ್ದರೆ ಉಜ್ಜಲು ಬಿಡದೆ ಕೂಡಲೇ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಉರಿ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ಹಂತ 4: ಮೊದಲ ಪದರ

ಹಾಳೆಯ ನಾಲ್ಕು ಮೂಲೆಗೂ ಭಾರ ಇಡಿ ಅಥವಾ ಟೇಪು ಹಚ್ಚಿ. ಬಯಲಲ್ಲಿ ಮಾಡುವುದಾದರೆ ಇದನ್ನು ಬಿಡಲೇಬೇಡಿ. ಒಮ್ಮೆ ನಾನು "ಗಾಳಿಯೇ ಇಲ್ಲವಲ್ಲ" ಅಂದುಕೊಂಡು ಬಿಟ್ಟೆ. ಮುಗಿದ ಚಿತ್ರ ಎದ್ದು ಬಂದು ಅದನ್ನು ಮಾಡಿದ ಹುಡುಗನ ಮೈಗೇ ಅಂಟಿಕೊಂಡಿತು. ಅವನಿಗೇನೋ ಖುಷಿಯಾಯಿತು, ಚಿತ್ರ ಹೋಯಿತು.

ಒಂದೇ ಬಣ್ಣದಿಂದ ಶುರು ಮಾಡಿ. ಕಪ್ಪು ಅಥವಾ ಗಾಢ ನೀಲಿ ಒಳ್ಳೆಯದು, ಮೇಲೆ ಬೀಳುವ ಬಣ್ಣಗಳಿಗೆ ಬೆನ್ನೆಲುಬಿನ ಹಾಗೆ ನಿಲ್ಲುತ್ತದೆ. ಮಗು ಒಂದೇ ಕಡೆ ಕೂರಬಾರದು. ಹಾಳೆಯ ಒಂದು ಬದಿಯಿಂದ ಸ್ವಲ್ಪ, ಮುಂದಿನ ಬದಿಗೆ ನಡೆದು ಸ್ವಲ್ಪ, ಹೀಗೆ ಪೂರ್ತಿ ಒಂದು ಸುತ್ತು. ಗೆರೆ ಹಾಳೆಯ ಅಂಚು ದಾಟಿ ಹೊರಗೂ ಹೋಗಲಿ. ಅಂಚಿನ ಒಳಗೇ ನಿಲ್ಲಬೇಕು ಅಂತ ಎಷ್ಟೋ ಮಕ್ಕಳು ತಾವೇ ಲಗಾಮು ಹಾಕಿಕೊಂಡಿರುತ್ತಾರೆ. ಹಾಳೆಯಾಚೆ ಬಿದ್ದರೂ ಪರವಾಗಿಲ್ಲ ಅಂದಾಗ ಅವರ ಮುಖ ನೋಡಬೇಕು.

ತರಗತಿಯಲ್ಲಿ ಮಾಡಿಸುವವರಿಗೆ: ಒಂದು ಹಾಳೆಗೆ ನಾಲ್ಕೇ ಜನ, ಒಂದೊಂದು ಬದಿಗೆ ಒಬ್ಬರು. "ಬದಲಿಸಿ" ಅಂದಾಗ ಎಲ್ಲರೂ ಬಲಕ್ಕೆ ಒಂದು ಬದಿ ಸರಿಯಬೇಕು. ಉಳಿದವರಿಗೆ ಅಷ್ಟು ಹೊತ್ತು ಪೆನ್ಸಿಲ್ಲಿನಲ್ಲಿ ಕೈ ಎತ್ತದೆ ಒಂದೇ ಗೆರೆ ಎಳೆಯುವ ಕೆಲಸ ಕೊಡಿ.

ಹಂತ 5: ಕಾಯುವುದು, ಮತ್ತೆ ಹನಿಸುವುದು

ಕೆಸರು ಹುಟ್ಟುವುದು ಇಲ್ಲಿ. ಹಸಿ ಕೆಂಪಿನ ಮೇಲೆ ಹಸಿ ಹಸಿರು ಬಿದ್ದರೆ ಕಂದು. ಹಸಿ ಹಳದಿಯ ಮೇಲೆ ನೇರಳೆ ಬಿದ್ದರೂ ಅದೇ ಕಥೆ. ಮೊದಲ ಪದರ ಮುಟ್ಟಿದರೆ ಬೆರಳಿಗೆ ಅಂಟಬಾರದು, ಅಷ್ಟಾದರೂ ಒಣಗಲಿ. ತೆಳು ಗೆರೆಗಳಿಗೆ ಅರ್ಧ ಗಂಟೆ ಸಾಕಾಗಬಹುದು. ಕೊಳದ ಹಾಗೆ ನಿಂತ ಬಣ್ಣಕ್ಕೆ ಗಂಟೆಗಟ್ಟಲೆ ಬೇಕು, ಒಣಗಿದ ಮೇಲೆ ಬಿರುಕು ಬಿಡುವುದೂ ಅಂಥ ಜಾಗವೇ. ಟಿಶ್ಯೂ ಕಾಗದದ ಮೂಲೆಯನ್ನು ಕೊಳಕ್ಕೆ ತಾಗಿಸಿ, ಹೆಚ್ಚಾದ ಬಣ್ಣ ಹೀರಿಸಿಬಿಡಿ. ಉಜ್ಜಬೇಡಿ.

ಅಷ್ಟು ಹೊತ್ತು ಮಕ್ಕಳನ್ನು ಕೂರಿಸುವುದು ಹೇಗೆ? ಕೂರಿಸಬೇಡಿ. ಆಟಕ್ಕೆ ಕಳಿಸಿ, ಸಂಜೆಯೋ ಮಾರನೇ ದಿನವೋ ಎರಡನೇ ಪದರ ಮಾಡಿ. ಪೊಲಾಕ್ ಕೂಡ ಎಷ್ಟೋ ಚಿತ್ರಗಳನ್ನು ಬಿಟ್ಟು ಬಿಟ್ಟು, ನೋಡಿ ನೋಡಿ ಮುಗಿಸಿದವನೇ. ಅಷ್ಟು ತಾಳ್ಮೆ ಇಲ್ಲದ ಮೂರು ನಾಲ್ಕು ವರ್ಷದವರಿಗೆ ಬೆರೆತರೂ ಚೆನ್ನಾಗಿ ಕಾಣುವ ಜೋಡಿ ಕೊಡಿ: ನೀಲಿ ಮತ್ತು ಬಿಳಿ, ಅಥವಾ ಕೆಂಪು ಮತ್ತು ಹಳದಿ. ಆಗ ಒಂದೇ ಸಲಕ್ಕೆ ಮುಗಿಸಬಹುದು.

ಎರಡನೇ ಬಣ್ಣಕ್ಕೆ ಮುಂಚೆ ಒಂದು ಪ್ರಶ್ನೆ ಕೇಳಿ: "ಎಲ್ಲಿ ಖಾಲಿ ಬಿಡೋಣ?" ಎಲ್ಲಿ ಹಾಕೋಣ ಅಂತ ಕೇಳಿದರೆ ಎಲ್ಲ ಕಡೆ ಅನ್ನುತ್ತಾರೆ. ಕೊನೆಯ ಪದರ ಬಿಳಿಯದೋ ತಿಳಿ ಹಳದಿಯದೋ ಇರಲಿ, ತೀರಾ ಕಡಿಮೆ ಇರಲಿ.

ಈಗ ನಿಮಗೊಂದು ಎಚ್ಚರಿಕೆ. ಬಾಯಿಗೆ ಬಂದ "ಆ ಮೂಲೆಗೂ ಸ್ವಲ್ಪ ಹಾಕು" ಎಂಬ ಮಾತನ್ನು ನುಂಗಿಕೊಳ್ಳಿ. ನೀವು ಕೋಲು ಕೈಗೆ ತೆಗೆದುಕೊಂಡು ಸರಿಪಡಿಸಿದರಂತೂ ಅದು ನಿಮ್ಮ ಚಿತ್ರ. ಕೈ ತುರಿಸುತ್ತಿದ್ದರೆ ಪಕ್ಕದಲ್ಲಿ ನಿಮ್ಮದೇ ಒಂದು ಹಾಳೆ ಹರಡಿಕೊಳ್ಳಿ.

ಹಂತ 6: ಗುಂಡಿ, ಕೀಲಿಕೈ (ಬೇಕಿದ್ದರೆ)

ದಪ್ಪ ರಟ್ಟಿನ ಮೇಲೆ ಮಾಡುತ್ತಿದ್ದರೆ ಹಳೇ ಗುಂಡಿ, ದಾರ, ಒಡೆದ ಆಟಿಕೆಯ ಚೂರುಗಳನ್ನು ಅಂಟಿನಿಂದ ಹಚ್ಚಿ, ಅದರ ಮೇಲೆ ಹನಿಸಬಹುದು. ಮೊಳೆ ಬೇಡ. ಏನನ್ನಾದರೂ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನವರಿಗೆ ಇಡೀ ಹಂತವೇ ಬೇಡ. ಮತ್ತು ಆ ಕೀಲಿಕೈ ಈಗಲೂ ಯಾವ ಬೀಗಕ್ಕೂ ಬೇಕಿಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.

ಹಂತ 7: ನಿಲ್ಲಿಸುವುದು, ಹೆಸರಿಡುವುದು, ಒಣಗಿಸುವುದು

ಯಾವಾಗ ಮುಗಿಯಿತು ಅಂತ ಹೇಗೆ ಗೊತ್ತಾಗುತ್ತದೆ? ಮೊದಲ ಪದರದ ಗೆರೆ ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ ನಿಲ್ಲಿಸಿ. ಅದು ಮುಚ್ಚಿಹೋದರೆ ತಡವಾಯಿತು. ಮಗುವನ್ನು ಕುರ್ಚಿಯ ಮೇಲೆ ಹತ್ತಿಸಿ, ನೀವು ಹಿಡಿದುಕೊಂಡು, ಮೇಲಿಂದ ಒಮ್ಮೆ ನೋಡಿಸಿ. "ಸಾಕು" ಅನ್ನುವ ಮಾತು ಎಷ್ಟೋ ಸಲ ಅಲ್ಲೇ ಬರುತ್ತದೆ.

ಪೊಲಾಕ್ 1948ರಿಂದ ತನ್ನ ಚಿತ್ರಗಳಿಗೆ ಹೆಸರಿನ ಬದಲು ಹೆಚ್ಚಾಗಿ ನಂಬರ್ ಕೊಡತೊಡಗಿದ. ನಂಬರಿಗೆ ಅರ್ಥದ ಹಂಗಿಲ್ಲ, ನೋಡುವವರು ಚಿತ್ರವನ್ನಷ್ಟೇ ನೋಡಲಿ ಎಂದು. ಮಕ್ಕಳೂ ಹಿಂಬದಿಯಲ್ಲಿ ನಂಬರ್, ವರ್ಷ, ಸಹಿ ಹಾಕಲಿ. ಯಾವ ಅಂಚು ಮೇಲೆ ಬರಬೇಕು ಅನ್ನುವುದನ್ನು ಅವರೇ ಹೇಳಲಿ. ನಾಲ್ಕೂ ಕಡೆಯಿಂದ ಮಾಡಿದ ಚಿತ್ರಕ್ಕೆ ಮೇಲೆ ಕೆಳಗೆ ಅಂತ ಇರುವುದಿಲ್ಲವಲ್ಲ.

ಒಂದು ಇಡೀ ದಿನ ನೆಲದ ಮೇಲೆಯೇ ಮಲಗಿಸಿ ಒಣಗಿಸಿ. ದಾರಕ್ಕೆ ನೇತುಹಾಕಿದರೆ ಎಲ್ಲ ಗೆರೆಯೂ ಕೆಳಗೆ ಜಾರುತ್ತದೆ. ಕಾಗದ ಒಣಗುತ್ತಾ ಬಾಗಿದರೆ, ಪೂರ್ತಿ ಒಣಗಿದ ಮೇಲೆ ಮೇಲೊಂದು ಬಿಳಿ ಹಾಳೆ ಇಟ್ಟು ದಪ್ಪ ಪುಸ್ತಕಗಳ ಕೆಳಗೆ ಎರಡು ದಿನ ಇಡಿ.

ಸ್ವಚ್ಛ ಮಾಡುವಾಗ

ಉಳಿದ ಬಣ್ಣವನ್ನು ಸಿಂಕಿಗೆ ಸುರಿಯಬೇಡಿ, ಅಂಟು ಬೆರೆಸಿದ್ದರೆ ಪೈಪು ಕಟ್ಟಿಕೊಳ್ಳುತ್ತದೆ. ಬಟ್ಟಲಲ್ಲೇ ಒಣಗಲು ಬಿಟ್ಟು ಸಿಪ್ಪೆಯ ಹಾಗೆ ಎಬ್ಬಿಸಿ ಕಸಕ್ಕೆ ಹಾಕಿ. ಸಿರಿಂಜು, ಬಾಟಲಿಗಳನ್ನು ಕೂಡಲೇ ತೊಳೆಯಿರಿ. ಕೋಲುಗಳನ್ನು ತೊಳೆಯಬೇಡಿ, ಒಣಗಿದ ಬಣ್ಣದ ಕೋಲಿನಿಂದ ಮುಂದಿನ ಸಲ ಬೇರೆಯೇ ತರಹದ ಹನಿ ಬೀಳುತ್ತದೆ.

ಕೆಳಗೆ ಹಾಸಿದ್ದ ಬೆಡ್‌ಶೀಟನ್ನು ಎಸೆಯುವ ಮುಂಚೆ ಒಮ್ಮೆ ಬಿಡಿಸಿ ನೋಡಿ. ಸ್ಪ್ರಿಂಗ್ಸ್‌ನ ಆ ಕೊಟ್ಟಿಗೆಯ ನೆಲಕ್ಕೆ 1953ರಲ್ಲಿ ಹೊಸ ಹಲಗೆ ಹೊದಿಸಿದ್ದರು. ಎಷ್ಟೋ ವರ್ಷಗಳ ನಂತರ ಅದನ್ನು ಎಬ್ಬಿಸಿದಾಗ, ದೊಡ್ಡ ಚಿತ್ರಗಳ ಅಂಚು ದಾಟಿ ಬಿದ್ದಿದ್ದ ಬಣ್ಣವೆಲ್ಲ ಹಾಗೇ ಕೆಳಗಿತ್ತು. ಈಗ ಅಲ್ಲಿಗೆ ಬರುವವರು ಮೆತ್ತನೆ ಚಪ್ಪಲಿ ಹಾಕಿಕೊಂಡು ಆ ನೆಲದ ಮೇಲೆ ನಡೆಯುತ್ತಾರೆ. ನಿಮ್ಮ ಬೆಡ್‌ಶೀಟಿನ ನಡುವೆ ಹಾಳೆ ಇದ್ದ ಜಾಗ ಚೌಕಾಕಾರದಲ್ಲಿ ಖಾಲಿ ಇರುತ್ತದೆ, ಸುತ್ತಲೂ ಹೊರಕ್ಕೆ ಓಡಿಹೋದ ಗೆರೆಗಳು. ಒಣಗಿದ ಚಿತ್ರವನ್ನು ಆ ಚೌಕದೊಳಗೆ ಮತ್ತೆ ಇಟ್ಟು, ಗೆರೆಗೆ ಗೆರೆ ಕೂಡಿಸಲು ಮಕ್ಕಳಿಗೆ ಹೇಳಿ.